ಎರಡು ಶಿಲಿಂಗಿನ ರಿಪೇರಿ

ಬೆಂಡಿಗೋದ ವ್ಯೂ ಸ್ಟ್ರೀಟಿನ ಏರಿನಲ್ಲಿ ನಮ್ಮ ಅಂಗಡಿ.
ನನ್ನ ಕೆಲಸ, ಒಂದೇ ಮಾತಲ್ಲಿ ಹೇಳುವುದಾದರೆ,
ಜುಂಯ್‌ಗುಡುವುದನ್ನು ನಿಲ್ಲಿಸುವುದು.
ಶಾಲೆಯ ಬ್ಯಾಂಡುಗಳಿಂದ ಬರುತ್ತವೆ
ಜಾಮು ಮೆತ್ತಿದ ಕ್ಲಾರಿನೆಟ್ಟು, ನೆಗ್ಗಿದ ಬೆಳ್ಳಿಗೊಳಲು.
ಒಳಗೊಂದು ಸಣ್ಣ ದೀಪ ಇಳಿಬಿಟ್ಟು
ಬೆಳಕು ಸೋರಿದಲ್ಲೇ ಉಸಿರೂ ಸೋರುವುದೆಂದು
ಗುರುತು ಹಾಕಿಕೊಳ್ಳುತ್ತೇನೆ.

ಇಲ್ಲಿಯವರ ಕೊಳಲಿಗೆ ತೂತಿಗೊಂದು ಮುಚ್ಚಳ,
ಮುಚ್ಚಳಕ್ಕೊಂದು ಸನ್ನೆ, ಸನ್ನೆಗೊಂದು ಸೂಜಿಯಂಥ ಸ್ಪ್ರಿಂಗು.
ಈ ಮೇಜಿನಲ್ಲಿ ಒತ್ತಿದರೆ ಆ ಮೂಲೆಯ ಬಾಗಿಲು ತೆರೆಯುತ್ತದೆ,
ಸರ್ಕಾರಿ ಕಚೇರಿಯ ಹಾಗೆ.
ಸ್ವರ ಮಾತ್ರ ತೊಳೆದಿಟ್ಟ ಗಾಜು.

ಮಂಗಳವಾರ ನೋರೀನ್ ಆಹ್ ಫೂಕ್ ಬಂದಳು.
'ಆಹ್' ಅನ್ನುವುದು ಹೆಸರೇ ಅಲ್ಲವಂತೆ,
'ಏ ಫೂಕಾ' ಅಂತ ಯಾರೋ ಕೂಗಿದ್ದನ್ನು
ಚಿನ್ನದ ಗಣಿಯ ಗುಮಾಸ್ತ ಹಾಗೇ ಬರೆದುಕೊಂಡನಂತೆ.
ಕ್ಯಾನ್ವಾಸ್ ಚೀಲದಲ್ಲಿ ಮುತ್ತಜ್ಜನ ಡೀಜಿ:
ನೂಲು ಸುತ್ತಿದ ಬಿದಿರು, ಬೆಲ್ಲದ ಬಣ್ಣ.
'ನುಡಿಯುತ್ತದೆ. ಆದರೆ ಅಜ್ಜಿ ಹೇಳಿದ ಹಾಗಲ್ಲ.
ಅವರಪ್ಪ ಊದಿದರೆ
ಜೀರುಂಡೆ ನುಂಗಿದ ಹಾಗೆ ಕೇಳುತ್ತಿತ್ತಂತೆ.'

ಬಾಯಿತೂತಿಗೂ ಮೊದಲ ಬೆರಳತೂತಿಗೂ ನಡುವೆ
ಒಂದು ಕಪ್ಪು ಚುಕ್ಕೆ.
ಎಬೊನೈಟಿನ ಬಿರಡೆ. ಎಂಥ ಕೈ!
ಉಗುರು ಆಡಿಸಿದರೂ ಅಂಚು ಸಿಗದು.
ಚೀಲದ ತಳದಲ್ಲಿ ಹಳದಿ ಚೀಟಿ:
ಟ್ರೆಗಿಯರ್ ಅಂಡ್ ಸನ್, ೧೯೩೪.
ಹೆಚ್ಚುವರಿ ತೂತು ಮುಚ್ಚಿದೆ. ಎರಡು ಶಿಲಿಂಗ್.

ಟ್ರೆಗಿಯರ್ ಅಂದರೆ ನಮ್ಮ ಯಜಮಾನ ಜೋರಿಯ ಅಜ್ಜ.
ಗೋಡೆಯ ಮೇಲೆ ಫೋಟೋ ಇದೆ, ಮೀಸೆ ಸಹಿತ.

ನಮ್ಮಪ್ಪ ಹುಬ್ಬಳ್ಳಿಯಲ್ಲಿ ತಂಬೂರಿ ಕಟ್ಟುತ್ತಿದ್ದ.
ಕುದುರೆಯ ಮೇಲೆ, ತಂತಿಯ ಕೆಳಗೆ,
ಒಂದೆಳೆ ಹತ್ತಿನೂಲು ಸರಿಸಿ, ಸರಿಸಿ, ಮತ್ತೂ ಕೂದಲಷ್ಟು ಸರಿಸಿ
ಜುಂಯ್ ಅಂದೊಡನೆ ಕೈಬಿಡುತ್ತಿದ್ದ:
'ಹಾಂ, ಈಗ ಜೀಂವ ಬಂತು ನೋಡು.'
ಆ ನೂಲಿನ ಹೆಸರೇ ಜೀವಾಳ.
ಅದಕ್ಕೇ ನನಗೆ ತಿಳಿಯಿತೋ ಏನೋ,
ಇದು ಬಿರುಕಲ್ಲ, ಹುಳು ಕೊರೆದದ್ದಲ್ಲ,
ಕೊರೆಸಿಕೊಂಡದ್ದು.

ಬಿರಡೆ ತೆಗೆಯಲು ಒಂದೂವರೆ ಗಂಟೆ.
ನೋರೀನಳ ತಮ್ಮ ಮೆಲ್ಬರ್ನಿನಿಂದ ಕಳಿಸಿದ ಪೊಟ್ಟಣದಲ್ಲಿ
ಜೊಂಡಿನ ಒಳಪೊರೆ, ಈರುಳ್ಳಿ ಪೊರೆಗಿಂತ ತೆಳು.
ಅಂಟಿಗೆ ಬೆಳ್ಳುಳ್ಳಿ ಎಸಳು ಸೀಳಿ ಉಜ್ಜಬೇಕು.
ಪೊರೆಯನ್ನು ಬಿಗಿಯಬಾರದು,
ಇಸ್ತ್ರಿಯಿಲ್ಲದ ಸೀರೆಯ ಹಾಗೆ ಸಣ್ಣ ನಿರಿಗೆ ಉಳಿಯಬೇಕು.

ಅಷ್ಟರಲ್ಲಿ ಜೋರಿ, ಕೈಯಲ್ಲಿ ಒಬೋ ಹಿಡಿದೇ, ತಕರಾರು ತೆಗೆದ:
'ಪೀಪಿಗೆ ಜೊಂಡು ಕೆತ್ತುವುದು ನಾನೂ ಬಲ್ಲೆ.
ಕೊಳಲಿಗೆ ಯಾಕೆ?'
ಅವನ ಒಬೋಕ್ಕೂ ಚೀನದ ಸೋನಾಕ್ಕೂ
ನಾಲಿಗೆ ಒಂದೇ ಜಾತಿಯದು.
ಒಂದನ್ನು ಒಳಗೆ ಕರೆದು ಕೂರಿಸಿದರು,
ಇಡೀ ಆರ್ಕೆಸ್ಟ್ರಾ ಅದರ ಸ್ವರಕ್ಕೆ ಶ್ರುತಿ ಮಾಡಿಕೊಳ್ಳುತ್ತದೆ.
ಇನ್ನೊಂದು ಬೀದಿಯಲ್ಲೇ ಉಳಿಯಿತು, ನಮ್ಮ ಓಲಗದ ಹಾಗೆ,
ಮದುವೆಯ ಮುಂದೆ, ಹೆಣದ ಮುಂದೆ.
ಹೇಳಲಿಲ್ಲ. ಸಂಬಳ ಕೊಡುವವ.

ನೋರೀನ್ ಊದಿದಳು. ಅವಳಿಗೆ ಸರಿಯಾಗಿ ಊದಲೂ ಬಾರದು.
ಒಂದೇ ಸ್ವರ.
ಅಂಗಡಿಯಲ್ಲಿದ್ದ ಡೋಲುಗಳ ಚರ್ಮವೆಲ್ಲ ಮೆಲ್ಲಗೆ ಹೂಂಗುಟ್ಟಿತು.
ಹೊರಗೆ ತಂತಿಯ ಮೇಲಿನ ಮ್ಯಾಗ್‌ಪೈ
ಹಾಡು ನಿಲ್ಲಿಸಿ ಕತ್ತು ಓರೆ ಮಾಡಿತು.

ಜೋರಿ ಬಹಳ ಹೊತ್ತು ಫೋಟೋ ನೋಡಿದ.
ಗಲ್ಲಾ ತೆರೆದ. ಎರಡು ಶಿಲಿಂಗಿಗೆ ಈಗಿನ ಲೆಕ್ಕ
ಇಪ್ಪತ್ತು ಸೆಂಟು. ಪ್ಲ್ಯಾಟಿಪಸ್ ಈಜುವ ನಾಣ್ಯವನ್ನು
ಮೇಜಿನ ಮೇಲೆ ಅವಳ ಕಡೆ ತಳ್ಳಿದ.
ಅವಳು ನಗಲಿಲ್ಲ.
ಕಿಸೆಗೆ ಹಾಕಿಕೊಂಡಳು, ರಸೀದಿ ಕೇಳಿದಳು.

ಸಂಜೆ, ಸೇಂಟ್ ಯಾವುದೋ ಶಾಲೆಯ ಕೊಳಲು.
ಚೀಟಿಯಲ್ಲಿ: ಜುಂಯ್ ಅನ್ನುತ್ತಿದೆ, ಸರಿಪಡಿಸಿ.
ಸಡಿಲಾದ ಒಂದು ಸ್ಕ್ರೂ.
ತಿರುಗಿಸಿ ಬಿಗಿಮಾಡಿದೆ.
ಅದು ಬೇರೆ ಜುಂಯ್.
ಬೆರಳು ಮಾತ್ರ ಊಟದ ಹೊತ್ತಿಗೂ ಬೆಳ್ಳುಳ್ಳಿ ನಾರುತ್ತಿತ್ತು.